ನಾಲಿಗೆಗೆ ಅಳತೆ ಇದೆ, ಉಸಿರಿಗೆ ಇಲ್ಲ

2025ರಲ್ಲಿ ಎರಡು ಸುದ್ದಿಗಳು ಬೇರೆಬೇರೆ ದಾರಿಯಲ್ಲಿ ಬಂದು ಜನರನ್ನು ಗೊಂದಲಕ್ಕೆ ಹಾಕಿದವು. ಮೊದಲನೆಯದು, ವೇಪ್ (ಇ-ಸಿಗರೇಟು) ಸೇದುತ್ತಿದ್ದ ಅಮೆರಿಕದ ಹದಿಹರೆಯದ ಹುಡುಗಿಯೊಬ್ಬಳಿಗೆ ‘ಪಾಪ್‌ಕಾರ್ನ್ ಲಂಗ್’ ಆಗಿದೆ ಎಂಬ ಸುದ್ದಿ. ವಾಟ್ಸಾಪ್ ಗುಂಪುಗಳಲ್ಲಿ ಇದು ನಾಲ್ಕು ಕೈ ದಾಟುವಷ್ಟರಲ್ಲಿ ‘ಪಾಪ್‌ಕಾರ್ನ್ ತಿಂದರೆ ಶ್ವಾಸಕೋಶ ಹೋಗುತ್ತದೆ’ ಎಂದಾಗಿತ್ತು. ಎರಡನೆಯದು ನವೆಂಬರ್ 21ರಂದು ದೇಶದಾದ್ಯಂತ ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳದ್ದು. ಹದಿನೈದು ಜನರನ್ನು ಇಟ್ಟುಕೊಂಡು ಬೇಕರಿಯನ್ನೋ ಚಿಪ್ಸ್ ಘಟಕವನ್ನೋ ನಡೆಸುವವರು ‘ನಾವು ಕಾನೂನಿನ ಒಳಗೋ ಹೊರಗೋ’ ಎಂದು ಕೇಳತೊಡಗಿದರು.

ಈ ಎರಡೂ ಸುದ್ದಿ ಒಂದು ಜಾಗದಲ್ಲಿ ಸಂಧಿಸುತ್ತವೆ. ಅದು ಶಿರಸಿಯದೋ ಕುಮಟೆಯದೋ ಕಾರವಾರದ್ದೋ ಯಾವುದಾದರೂ ತಿಂಡಿ ಘಟಕದ ಶೆಲ್ಫಿನ ಮೇಲಿರುವ ಎಸೆನ್ಸ್ ಕ್ಯಾನು. ಬೆಣ್ಣೆ, ಬಟರ್‌ಸ್ಕಾಚ್, ಕ್ಯಾರಮೆಲ್, ಚೀಸ್ ಎಂದು ಅದರ ಮೇಲೆ ಚೀಟಿ ಅಂಟಿಸಿರುತ್ತದೆ. ಒಳಗಿರುವುದನ್ನು ತಿನ್ನುವವರಿಗಾಗಿ ಕಾನೂನು ಅಳತೆ ಕಟ್ಟಿದೆ. ಅದನ್ನೇ ದಿನವಿಡೀ ಮೂಸುತ್ತ ಬೆರೆಸುವವರಿಗಾಗಿ ಕಟ್ಟಿಲ್ಲ.

ಹೆಸರು ಹುಟ್ಟಿದ್ದು ಜಾಸ್ಪರ್‌ನಲ್ಲಿ

2000ದ ಮೇ ತಿಂಗಳು. ಅಮೆರಿಕದ ಮಿಸ್ಸೂರಿ ರಾಜ್ಯದ ಜಾಸ್ಪರ್ ಎಂಬ ಸಣ್ಣ ಊರಿನಲ್ಲಿ ಮೈಕ್ರೋವೇವ್ ಪಾಪ್‌ಕಾರ್ನ್ ಕಾರ್ಖಾನೆಯೊಂದಿತ್ತು. ಅಲ್ಲಿ ಹಿಂದೆ ಕೆಲಸ ಮಾಡಿದ್ದ ಎಂಟು ಜನರಿಗೆ ಒಂದೇ ಬಗೆಯ, ಬಹಳ ಅಪರೂಪದ ಶ್ವಾಸಕೋಶದ ಕಾಯಿಲೆ ಇರುವುದು ರಾಜ್ಯ ಆರೋಗ್ಯ ಇಲಾಖೆಯ ಗಮನಕ್ಕೆ ಬಂತು. ಅದರ ಹೆಸರು ಬ್ರಾಂಕಿಯೋಲೈಟಿಸ್ ಆಬ್ಲಿಟರಾನ್ಸ್. ‘ಪಾಪ್‌ಕಾರ್ನ್ ಲಂಗ್’ ಎಂಬ ಅಡ್ಡಹೆಸರು ಬಂದದ್ದು ಇದಕ್ಕೇ. ಎಂಟರಲ್ಲಿ ನಾಲ್ವರು ಶ್ವಾಸಕೋಶ ಕಸಿಗಾಗಿ ಸರದಿಯಲ್ಲಿದ್ದರು.

ಕೆಲಸದ ಸ್ಥಳದ ಆರೋಗ್ಯವನ್ನು ಸಂಶೋಧಿಸುವ ಅಲ್ಲಿನ ಸರ್ಕಾರಿ ಸಂಸ್ಥೆ ನಿಯೋಶ್ ಬಂದು ತನಿಖೆ ಮಾಡಿತು. ಕಾರ್ಖಾನೆಯಲ್ಲಿ ಸೋಯಾ ಎಣ್ಣೆಯನ್ನು ದೊಡ್ಡ ತೊಟ್ಟಿಯಲ್ಲಿ ಬಿಸಿಯಾಗಿಟ್ಟು, ಅದಕ್ಕೆ ಉಪ್ಪು, ಬಣ್ಣ ಮತ್ತು ಬೆಣ್ಣೆಯ ಸುವಾಸನೆಯನ್ನು ಬೆರೆಸುತ್ತಿದ್ದರು. ಬೆರೆಸುವವನು ತೊಟ್ಟಿಯ ಮುಚ್ಚಳ ತೆಗೆದು ಕ್ಯಾನಿನಿಂದ ದ್ರವವನ್ನು ಸುರಿಯುತ್ತಿದ್ದ, ಒಳಗೆ ಇಣುಕಿ ನೋಡುತ್ತಿದ್ದ. ಅಷ್ಟೇ ಕೆಲಸ. ಆದರೆ ಎಂಟು ರೋಗಿಗಳಲ್ಲಿ ನಾಲ್ವರು ಹೀಗೆ ಬೆರೆಸುವವರೇ. ಉಳಿದ ನಾಲ್ವರು ತೊಟ್ಟಿಯ ಹತ್ತಿರವೇ ಪ್ಯಾಕಿಂಗ್ ಮಾಡುತ್ತಿದ್ದವರು.

ಆಗ ಕೆಲಸದಲ್ಲಿದ್ದವರ ಉಸಿರನ್ನೂ ಅಳೆದರು. ಉಸಿರಿನ ಹಾದಿ ಕಟ್ಟಿಕೊಂಡವರ ಸಂಖ್ಯೆ ಸಾಮಾನ್ಯ ಜನರಲ್ಲಿ ನಿರೀಕ್ಷಿಸುವುದಕ್ಕಿಂತ 3.3 ಪಟ್ಟು ಹೆಚ್ಚಿತ್ತು. ಎಂದೂ ಬೀಡಿ, ಸಿಗರೇಟು ಮುಟ್ಟದವರನ್ನು ಮಾತ್ರ ತೆಗೆದುಕೊಂಡರೆ 10.8 ಪಟ್ಟು. ‘ಸಿಗರೇಟು ಸೇದಿ ಹಾಳಾದವರು’ ಎಂಬ ಸುಲಭದ ಉತ್ತರ ಅಲ್ಲಿಗೆ ಬಿತ್ತು. ಹೆಚ್ಚು ಆವಿ ಕುಡಿದವರ ಶ್ವಾಸಕೋಶ ಹೆಚ್ಚು ಹದಗೆಟ್ಟಿತ್ತು. ಈ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಸುವಾಸನೆಯ ಆವಿಯಲ್ಲಿ ತನಿಖೆಗಾರರು ಗುರುತು ಹಿಡಿದದ್ದು ಡೈಅಸಿಟೈಲ್ ಎಂಬ ರಾಸಾಯನಿಕವನ್ನು.

ನಮ್ಮ ಮಟ್ಟಿಗೆ ಡೈಅಸಿಟೈಲ್ ಪರದೇಶಿಯೇನಲ್ಲ. ಹೆಪ್ಪು ಹಾಕಿದ ಕೆನೆ ಹುಳಿಯಾಗಿ ಕಡೆದಾಗ ಬರುವ ಬೆಣ್ಣೆಯ ಪರಿಮಳದಲ್ಲಿ ಅದರದೇ ದೊಡ್ಡ ಪಾಲು. ಹೆಪ್ಪಿನ ಬ್ಯಾಕ್ಟೀರಿಯಾ ಅದನ್ನು ಕೂದಲೆಳೆಯಷ್ಟು ತಯಾರಿಸುತ್ತದೆ. ಅಜ್ಜಿ ಬೆಣ್ಣೆ ಕಾಯಿಸಿದ ಅಡುಗೆಮನೆಯಲ್ಲಿ ಯಾರಿಗೂ ಈ ರೋಗ ಬರಲಿಲ್ಲ, ಬರುವುದೂ ಇಲ್ಲ. ಕಾರ್ಖಾನೆಯಲ್ಲಿ ಅದು ಲೀಟರುಗಟ್ಟಲೆ ಸಾಂದ್ರವಾಗಿ ಬಂದು ಬಿಸಿ ಎಣ್ಣೆಗೆ ಬೀಳುತ್ತದೆ. ಡೈಅಸಿಟೈಲ್ ಕುದಿಯುವುದು ಸುಮಾರು 88 ಡಿಗ್ರಿಯಲ್ಲಿ, ಅಂದರೆ ನೀರಿಗಿಂತ ಮೊದಲೇ. ಹಾಗಾಗಿ ಕಾದ ಕೊಬ್ಬಿಗೆ ಸುರಿದಾಗ ಅದರಲ್ಲಿ ಒಂದಷ್ಟು ತಿಂಡಿಗೆ ಸೇರುತ್ತದೆ, ಒಂದಷ್ಟು ನೇರವಾಗಿ ಸುರಿಯುವವನ ಮುಖಕ್ಕೆ ಏಳುತ್ತದೆ.

ಕಿರುನಾಳದೊಳಗೆ ಆಗುವುದು

ಶ್ವಾಸನಾಳ ಕವಲೊಡೆಯುತ್ತ ಹೋಗಿ ಕೊನೆಗೆ ಅಡಿಕೆ ಸಿಂಗಾರದ ಎಳೆಗಳಂತೆ ತೀರಾ ಸಣ್ಣದಾಗುತ್ತದೆ. ಈ ಕಿರುನಾಳಗಳ ಒಳಗೋಡೆಗೆ ತೆಳು ಪದರವೊಂದು ಇರುತ್ತದೆ. ಡೈಅಸಿಟೈಲ್ ಆ ಪದರದ ಕೋಶಗಳ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕೆಡಿಸುತ್ತದೆ. ಪದರ ಕಿತ್ತುಹೋದಾಗ ದೇಹ ರಿಪೇರಿಗೆ ತೊಡಗುತ್ತದೆ. ಆದರೆ ಗಾಯ ಆರುವ ಮೊದಲೇ ಮತ್ತೆ ಆವಿ, ಮತ್ತೆ ಗಾಯ. ಕೊನೆಗೆ ರಿಪೇರಿಯೇ ರೋಗವಾಗುತ್ತದೆ: ಗಾಯದ ಕಲೆಯಂಥ ಗಟ್ಟಿ ಅಂಗಾಂಶ ಬೆಳೆದು ನಾಳವನ್ನು ಒಳಗಿನಿಂದ ಬಿಗಿಯುತ್ತದೆ. ಉಸಿರು ಒಳಗೆ ಹೋಗುತ್ತದೆ, ಪೂರ್ತಿ ಹೊರಗೆ ಬರುವುದಿಲ್ಲ.

ಅಸ್ತಮಾದಲ್ಲೂ ನಾಳ ಬಿಗಿಯುತ್ತದೆ, ಆದರೆ ಅಲ್ಲಿ ಬಿಗಿಯುವುದು ಸ್ನಾಯು. ಪಂಪ್ ಹೊಡೆದರೆ ಅದು ಸಡಿಲಾಗುತ್ತದೆ. ಇಲ್ಲಿ ಬಿಗಿದಿರುವುದು ಕಲೆ. ಪಂಪಿಗೆ ಅದು ಜಗ್ಗುವುದಿಲ್ಲ. ನಾಳ ಒಮ್ಮೆ ಹೀಗೆ ಮುಚ್ಚಿಕೊಂಡರೆ ಮತ್ತೆ ತೆರೆಸುವ ಔಷಧ ಇಲ್ಲ. ಜಾಸ್ಪರ್‌ನಲ್ಲಿ ತೊಟ್ಟಿಗಳನ್ನು ಪ್ರತ್ಯೇಕ ಮಾಡಿ, ಗಾಳಿ ಎಳೆಯುವ ವ್ಯವಸ್ಥೆ ಹಾಕಿದ ಮೇಲೆ ಹೊಸದಾಗಿ ಸೇರಿದವರ ಶ್ವಾಸಕೋಶ ಉಳಿಯಿತು. ಅದಾಗಲೇ ರೋಗಕ್ಕೆ ಬಿದ್ದಿದ್ದವರದು ಮೊದಲಿನಂತಾಗಲಿಲ್ಲ.

ವಾಟ್ಸಾಪಿನ ಪ್ರಶ್ನೆಗೆ ಇಲ್ಲೇ ಉತ್ತರ ಹೇಳಿಬಿಡಬಹುದು. ಪಾಪ್‌ಕಾರ್ನ್ ತಿನ್ನುವುದರಿಂದ ಇದು ಬರುವುದಿಲ್ಲ. ವರ್ಷಗಟ್ಟಲೆ ದಿನಕ್ಕೆ ಹಲವು ಪೊಟ್ಟಣ ಮೈಕ್ರೋವೇವ್ ಪಾಪ್‌ಕಾರ್ನ್ ಮಾಡಿಕೊಂಡು ಅದರ ಹಬೆಯನ್ನು ಮೂಸುತ್ತಿದ್ದ ಗ್ರಾಹಕನೊಬ್ಬನ ಬಗ್ಗೆ 2007ರಲ್ಲಿ ಕೊಲರಾಡೋದ ವೈದ್ಯೆಯೊಬ್ಬರು ಅಮೆರಿಕ ಸರ್ಕಾರಕ್ಕೆ ಎಚ್ಚರಿಸಿದ್ದುಂಟು. ಆದರೆ ಅಲ್ಲೂ ಸಮಸ್ಯೆ ಹಬೆಯದೇ. ಜಾತ್ರೆಯಲ್ಲಿ ಉಪ್ಪು, ಅರಿಶಿನ ಹಾಕಿ ಹುರಿದು ಕೊಡುವ ಜೋಳದ ಅರಳಿಗೂ ಈ ಕಥೆಗೂ ಸಂಬಂಧವೇ ಇಲ್ಲ. ವೇಪಿನ ಮಾತು ಬೇರೆ. 2015ರಲ್ಲಿ ಹಾರ್ವರ್ಡ್ ಸಂಶೋಧಕರು ಪರೀಕ್ಷಿಸಿದ 51 ಬಗೆಯ ಸುವಾಸಿತ ಇ-ಸಿಗರೇಟುಗಳಲ್ಲಿ 39ರಲ್ಲಿ ಡೈಅಸಿಟೈಲ್ ಸಿಕ್ಕಿತ್ತು. ಭಾರತ ಇ-ಸಿಗರೇಟನ್ನು 2019ರಲ್ಲೇ ನಿಷೇಧಿಸಿದೆ.

ಹೊಟ್ಟೆಗೆ ಹಿತ, ಎದೆಗೆ?

ಗೊಂದಲದ ಬೇರು ‘ಆಹಾರಕ್ಕೆ ಬಳಸಲು ಅನುಮತಿ ಇದೆ’ ಎಂಬ ಮಾತಿನಲ್ಲಿದೆ. ಈ ಅನುಮತಿ ಕೊಡುವ ಮುನ್ನ ಕೇಳುವ ಪ್ರಶ್ನೆ ಒಂದೇ: ಇದು ಹೊಟ್ಟೆಗೆ ಹೋದರೆ ಏನಾಗುತ್ತದೆ? ಹೊಟ್ಟೆಯಲ್ಲಿ ಆಮ್ಲವಿದೆ, ದಪ್ಪ ಲೋಳೆಯಿದೆ, ಆಚೆಗೆ ಯಕೃತ್ತು ಇದೆ. ಬಂದದ್ದನ್ನು ಒಡೆದು ವಿಲೇವಾರಿ ಮಾಡುವುದೇ ಅವುಗಳ ಕಸುಬು. ಕಿರುನಾಳದ ಒಂದೆರಡು ಕೋಶದಷ್ಟು ದಪ್ಪದ ಗೋಡೆಗೆ ಆ ಶಕ್ತಿ ಇಲ್ಲ. ಮೆಣಸಿನಕಾಯಿ ತಿನ್ನುವುದಕ್ಕೂ ಒಲೆಗೆ ಬಿದ್ದ ಮೆಣಸಿನಕಾಯಿಯ ಘಾಟು ಕುಡಿಯುವುದಕ್ಕೂ ಇರುವ ವ್ಯತ್ಯಾಸ ಎಲ್ಲರಿಗೂ ಗೊತ್ತು. ನಿಯಮ ಬರೆಯುವವರು ಮಾತ್ರ ಅದನ್ನು ಬಹುಕಾಲ ಮರೆತರು.

ಭಾರತದ ಪುಸ್ತಕದಲ್ಲೂ ಹಾಗೆಯೇ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಗಳಲ್ಲಿ ಡೈಅಸಿಟೈಲ್ ಹೆಸರು ಹಿಡಿದೇ ಬರುತ್ತದೆ: ಟೇಬಲ್ ಮಾರ್ಗರೀನ್‌ಗೆ ಸೇರಿಸುವುದಾದರೆ 4 ಪಿಪಿಎಂ ದಾಟಬಾರದು, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ನಾಲ್ಕು ಪಾಲು. ಬ್ರೆಡ್ಡಿಗೆ ಸವರಿಕೊಳ್ಳುವವನಿಗೆ ಇಷ್ಟು ನಿಖರವಾದ ಲೆಕ್ಕ. ಆ ಮಾರ್ಗರೀನ್ ಬೆರೆಸುವ ಕೋಣೆಯ ಗಾಳಿಗೆ? ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಅಮೋನಿಯಾ, ಕ್ಲೋರಿನ್, ಬೆಂಜೀನ್ ಮೊದಲಾದ ಹಲವು ರಾಸಾಯನಿಕಗಳಿಗೆ ಗಾಳಿಯಲ್ಲಿನ ಮಿತಿ ಇತ್ತು. ಡೈಅಸಿಟೈಲ್ ಅದರಲ್ಲಿ ಇರಲಿಲ್ಲ. ಆ ಪಟ್ಟಿ ಭೋಪಾಲ್ ದುರಂತದ ನಂತರ, 1987ರ ತಿದ್ದುಪಡಿಯಲ್ಲಿ ಬಂದದ್ದು. ಆಗಿನ್ನೂ ಜಾಸ್ಪರ್ ಯಾರಿಗೂ ಗೊತ್ತಿರಲಿಲ್ಲ.

ಹೊರಗಿನವರು ಕಟ್ಟಿದ ಲೆಕ್ಕ ಹೀಗಿದೆ. ನಿಯೋಶ್ 2016ರಲ್ಲಿ ಎಂಟು ಗಂಟೆಯ ಪಾಳಿಗೆ ಶಿಫಾರಸು ಮಾಡಿದ್ದು 5 ಪಿಪಿಬಿ, ಅಂದರೆ ನೂರು ಕೋಟಿ ಪಾಲು ಗಾಳಿಯಲ್ಲಿ ಐದು ಪಾಲು. ಯಾವ ಹದಿನೈದು ನಿಮಿಷದಲ್ಲೂ 25 ಪಿಪಿಬಿ ಮೀರಬಾರದು. ಯುರೋಪಿನ ವೈಜ್ಞಾನಿಕ ಸಮಿತಿ ಪಾಳಿಗೆ 20 ಪಿಪಿಬಿ ಸಾಕೆಂದಿತು. ಕ್ಯಾಲಿಫೋರ್ನಿಯಾ 2010ರಲ್ಲೇ ಸುವಾಸನೆ ಬಳಸುವ ಘಟಕಗಳಿಗೆ ಪ್ರತ್ಯೇಕ ನಿಯಮ ತಂದಿತು. ಅಮೆರಿಕದ ಕೇಂದ್ರ ಸರ್ಕಾರ ಮಾತ್ರ ಇವತ್ತಿಗೂ ಕಡ್ಡಾಯ ಮಿತಿ ತಂದಿಲ್ಲ. ಜಾಸ್ಪರ್ ಇರುವ ದೇಶದಲ್ಲೇ ಈ ಕಥೆ!

ಕಂಪನಿಗಳು ಹೇಳುವುದು

ಎದುರು ವಾದಗಳನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮೊದಲ ವಾದ: ಸುವಾಸನೆಯ ಕ್ಯಾನಿನಲ್ಲಿ ಹತ್ತಾರು ರಾಸಾಯನಿಕಗಳಿರುವಾಗ ಡೈಅಸಿಟೈಲ್ ಒಂದನ್ನೇ ಹೇಗೆ ದೂರುತ್ತೀರಿ? ಇದಕ್ಕೆ ಉತ್ತರ ನೆದರ್ಲೆಂಡ್ಸಿನಿಂದ ಬಂತು. ಅಲ್ಲಿ ಬೇರೇನೂ ಬೆರೆಸದೆ ಡೈಅಸಿಟೈಲನ್ನೇ ತಯಾರಿಸುತ್ತಿದ್ದ ಘಟಕದ ಕೆಲಸಗಾರರಲ್ಲೂ ಇದೇ ರೋಗ ಇದ್ದದ್ದು 2007ರಲ್ಲಿ ವರದಿಯಾಯಿತು. ಇಲಿಗಳ ಮೇಲಿನ ಪ್ರಯೋಗಗಳಲ್ಲೂ ಆವಿ ನಾಳದ ಪದರವನ್ನು ಸುಲಿದುಹಾಕಿತು.

ಎರಡನೆಯದು ಚುರುಕಾದ ವಾದ. ಸಿಗರೇಟಿನ ಹೊಗೆಯಲ್ಲಿ ಡೈಅಸಿಟೈಲ್ ಕಾರ್ಖಾನೆಯ ಗಾಳಿಗಿಂತ ಎಷ್ಟೋ ಹೆಚ್ಚಿದೆ, ಹಾಗಿದ್ದರೆ ಸೇದುವವರಿಗೆಲ್ಲ ಪಾಪ್‌ಕಾರ್ನ್ ಲಂಗ್ ಬರಬೇಕಿತ್ತಲ್ಲ? ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಪ್ರತಿಯಾಗಿ ಹೇಳುವುದು, ಸಿಗರೇಟು ಸೇದುವವರಲ್ಲೂ ಮೊದಲು ಕೆಡುವುದು ಇದೇ ಕಿರುನಾಳಗಳು, ಅದಕ್ಕೆ ಬೇರೆ ಹೆಸರಿದೆ ಅಷ್ಟೇ ಎಂದು. ಸಾವಿರಾರು ವಿಷಗಳ ನಡುವೆ ಒಂದರ ಪಾತ್ರವನ್ನು ಬೇರ್ಪಡಿಸುವುದೂ ಕಷ್ಟ. ಈ ವಾದ ಪೂರ್ತಿ ಮುಗಿದಿಲ್ಲ ಎಂದು ಒಪ್ಪಬೇಕು. ಆದರೆ ಎಂದೂ ಸೇದದವರಲ್ಲಿ ಕಂಡ 10.8 ಪಟ್ಟು ಎಂಬ ಸಂಖ್ಯೆ ಇದರಿಂದ ಕರಗುವುದಿಲ್ಲ.

ಮೂರನೆಯದು ವಾದಕ್ಕಿಂತ ಜಾಣತನ. 2007ರಲ್ಲಿ ದೊಡ್ಡ ಪಾಪ್‌ಕಾರ್ನ್ ಬ್ರಾಂಡುಗಳು ‘ಡೈಅಸಿಟೈಲ್ ಬಿಟ್ಟೆವು’ ಎಂದು ಘೋಷಿಸಿದವು. ಅದರ ಬದಲಿಗೆ ಉದ್ಯಮಕ್ಕೆ ಬಂದವುಗಳಲ್ಲಿ ಪೆಂಟೇನ್‌ಡಯೋನ್ ಒಂದು. ಅಣುರಚನೆಯಲ್ಲಿ ಡೈಅಸಿಟೈಲ್‌ಗಿಂತ ಒಂದೇ ಇಂಗಾಲ ಹೆಚ್ಚು, ಗುಣದಲ್ಲಿ ಒಡಹುಟ್ಟು. ಇಲಿಗಳಲ್ಲಿ ಅದೂ ಅದೇ ಹಾನಿ ಮಾಡಿತು, ನಿಯೋಶ್ ಅದಕ್ಕೂ 9.3 ಪಿಪಿಬಿ ಮಿತಿ ಹೇಳಬೇಕಾಯಿತು. ಕ್ಯಾನಿನ ಮೇಲೆ ‘ಡೈಅಸಿಟೈಲ್ ಮುಕ್ತ’ ಎಂದು ಬರೆದಿದ್ದರೆ ಅದರಿಂದ ತಿಳಿಯುವುದು ಬಹಳ ಕಡಿಮೆ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಉತ್ತರ ಕನ್ನಡದಲ್ಲಿ ಜಾಸ್ಪರ್‌ನಂಥ ಪಾಪ್‌ಕಾರ್ನ್ ಕಾರ್ಖಾನೆ ಇಲ್ಲ. ಇರುವುದು ಚದುರಿದ ಸಣ್ಣ ಘಟಕಗಳು: ಟೋಸ್ಟ್, ಖಾರಿ, ಬೆಣ್ಣೆ ಬಿಸ್ಕತ್ತು ಮಾಡುವ ಬೇಕರಿಗಳು, ಐಸ್‌ಕ್ರೀಮು ಮತ್ತು ಐಸ್‌ಕ್ಯಾಂಡಿಯ ಘಟಕಗಳು, ಬಾಳೆಕಾಯಿ ಮತ್ತು ಹಲಸಿನ ಚಿಪ್ಸ್ ಕರಿಯುವವರು, ಕಾಫಿಬೀಜ ಹುರಿದು ಪುಡಿ ಮಾಡುವವರು, ಕುಮಟಾ ಸುತ್ತಿನ ಗೇರು ಕಾರ್ಖಾನೆಗಳು. ಇವರೆಲ್ಲರೂ ಅಪಾಯದಲ್ಲಿದ್ದಾರೆ ಎಂದರೆ ಅದು ವಾಟ್ಸಾಪಿನ ಭಾಷೆಯಾದೀತು. ಹಲಸಿನ ಚಿಪ್ಸಿಗೆ ಉಪ್ಪು ಖಾರವಷ್ಟೇ ಹಾಕುವಲ್ಲಿ ಈ ಆವಿಯ ಪ್ರಶ್ನೆಯೇ ಇಲ್ಲ. ಗೇರು ಹುರಿಯುವಾಗ ಏಳುವ ಸಿಪ್ಪೆ ಎಣ್ಣೆಯ ಘಾಟು ಬೇರೆಯದೇ ತೊಂದರೆ. ಮುರುಗಲು ಶರಬತ್ತಿಗೂ ಇದಕ್ಕೂ ನಂಟಿಲ್ಲ.

ನೋಡಬೇಕಾದ ಪ್ರಶ್ನೆಗಳು ಮೂರೇ: ಬೆಣ್ಣೆ, ಕ್ಯಾರಮೆಲ್, ಬಟರ್‌ಸ್ಕಾಚ್, ಚೀಸ್ ವಾಸನೆಯ ಸಾಂದ್ರ ಎಸೆನ್ಸನ್ನು ಬಳಸುತ್ತೀರಾ? ಅದನ್ನು ಬಿಸಿಯಾದದ್ದಕ್ಕೆ ಸುರಿಯುತ್ತೀರಾ? ದಿನವೂ ಒಬ್ಬರೇ ಸುರಿಯುತ್ತಾರಾ? ಮೂರಕ್ಕೂ ಹೌದು ಎಂದಾದರೆ ಘಟಕ ಎಷ್ಟು ಸಣ್ಣದಾಗಿದ್ದರೂ ಆ ಒಬ್ಬನ ಲೆಕ್ಕ ಜಾಸ್ಪರ್‌ನ ಬೆರೆಸುವವನ ಲೆಕ್ಕಕ್ಕೆ ಹತ್ತಿರವಾಗುತ್ತದೆ. ಪುಡಿ ರೂಪದ ಸುವಾಸನೆಯೂ ದೂಳಾಗಿ ಎದ್ದರೆ ಉಸಿರಿಗೆ ಹೋಗುತ್ತದೆ.

ಕಾಫಿಯವರ ವಿಷಯ ಸ್ವಲ್ಪ ಬೇರೆ. ಅಮೆರಿಕದ ಟೆಕ್ಸಾಸಿನಲ್ಲಿ ಕಾಫಿ ಘಟಕವೊಂದರ ಕೆಲಸಗಾರರಲ್ಲಿ ಇದೇ ರೋಗ ಕಂಡಿತ್ತು, ಆದರೆ ಅಲ್ಲಿ ಕಾಫಿಗೆ ಕೃತಕ ಸುವಾಸನೆ ಸೇರಿಸುತ್ತಿದ್ದರು. ಆಮೇಲೆ ತಿಳಿದ ಸಂಗತಿ ಏನೆಂದರೆ ಏನೂ ಬೆರೆಸದ ಕಾಫಿಬೀಜವನ್ನು ಹುರಿದಾಗಲೂ ಡೈಅಸಿಟೈಲ್ ತಾನಾಗಿ ಹುಟ್ಟುತ್ತದೆ, ಪುಡಿ ಮಾಡುವಾಗ ಹೆಚ್ಚಾಗಿ ಹೊರಬರುತ್ತದೆ. ಪೇಟೆ ಬೀದಿಗೆಲ್ಲ ಪರಿಮಳ ಹರಡುವ ಕಾಫಿಪುಡಿ ಅಂಗಡಿಯ ಗಿರಣಿಯ ಪಕ್ಕ ದಿನವಿಡೀ ನಿಲ್ಲುವವರೂ ಈ ಮಾತಿನೊಳಗೆ ಬರುತ್ತಾರೆ. ಅಂಗಡಿಗೆ ಬಂದು ಕಾಲು ಕೆಜಿ ಕಟ್ಟಿಸಿಕೊಂಡು ಹೋಗುವವರು ಬರುವುದಿಲ್ಲ.

‘ನಮ್ಮಲ್ಲಿ ಕಿಟಕಿ ಬಾಗಿಲು ಸದಾ ತೆಗೆದೇ ಇರುತ್ತದೆ, ಎಸಿ ಕೋಣೆಯಲ್ಲ’ ಎಂದು ಮಾಲೀಕರು ಹೇಳುವುದುಂಟು. ಇದರಲ್ಲಿ ಸತ್ಯವಿದೆ. ಕರಾವಳಿಯ ಗಾಳಿ ಕೋಣೆಯ ಸರಾಸರಿಯನ್ನು ಇಳಿಸುತ್ತದೆ. ಆದರೆ ಬಾಣಲೆಯ ಮೇಲೆ ಬಗ್ಗಿದವನ ಮೂಗಿಗೂ ಕಿಟಕಿಗೂ ಹತ್ತು ಅಡಿ ದೂರ, ಮೂಗಿಗೂ ಬಾಣಲೆಗೂ ಒಂದೂವರೆ ಅಡಿ. ಹದಿನೈದು ನಿಮಿಷದ ಮಿತಿ ಬೇರೆಯಾಗಿ ಇರುವುದು ಇದಕ್ಕೇ. ಇನ್ನು ಜೂನ್ ಬಂತೆಂದರೆ ಇರಚಲು ಹೊಡೆಯದಿರಲು ಶಟರ್ ಅರ್ಧ ಎಳೆದು, ಕಿಟಕಿಗೆ ಟಾರ್ಪಾಲು ಕಟ್ಟಿ ಕೆಲಸ ನಡೆಯುವುದೂ ಇಲ್ಲಿಯ ಮಾತೇ. ಗರಿಗರಿ ತಿಂಡಿ ಮೆತ್ತಗಾಗದಿರಲು ಬಾಗಿಲು ಮುಚ್ಚಲೇಬೇಕು. ವರ್ಷದ ನಾಲ್ಕು ತಿಂಗಳು ಆ ‘ಸದಾ ತೆಗೆದ’ ಕೋಣೆ ಮುಚ್ಚಿರುತ್ತದೆ.

ಮೂಗನ್ನೂ ನಂಬುವಂತಿಲ್ಲ. ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಬೆಣ್ಣೆ ಘಮ್ಮೆನ್ನುತ್ತದೆ. ಅಲ್ಲೇ ಇರುವವನಿಗೆ ಅರ್ಧ ಗಂಟೆಯಲ್ಲಿ ಏನೂ ಬರುವುದಿಲ್ಲ. ವಾಸನೆ ಹೋಯಿತೆಂದರೆ ಆವಿ ಹೋಯಿತು ಎಂದಲ್ಲ.

ಹೊಸ ಸಂಹಿತೆ: ಒಂದು ಕೈ ಕೊಟ್ಟು, ಇನ್ನೊಂದು ಕೈ ಕಿತ್ತುಕೊಂಡು

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ, 2020 ಎಂಬ ಉದ್ದ ಹೆಸರಿನದು ಈಗ 1948ರ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದಿದೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸಿ ಹತ್ತು ಜನ ದುಡಿದರೆ ಅದು ಕಾರ್ಖಾನೆ. ಹೊಸದರಲ್ಲಿ ಇಪ್ಪತ್ತು. ವಿದ್ಯುತ್ ಇಲ್ಲದಿದ್ದರೆ ಮೊದಲು ಇಪ್ಪತ್ತಿದ್ದದ್ದು ಈಗ ನಲವತ್ತು. ಹತ್ತು ಜನರಿರುವ ‘ಸಂಸ್ಥೆ’ಗಳಿಗೆ ಸಂಹಿತೆಯ ಸಾಮಾನ್ಯ ಭಾಗ ಅನ್ವಯಿಸುತ್ತದೆ, ಆದರೆ ಕಾರ್ಖಾನೆಗಳಿಗೆಂದೇ ಇರುವ ಬಿಗಿ ಅಧ್ಯಾಯ ಅನ್ವಯಿಸುವುದಿಲ್ಲ. ಆರಂಭದ ಪ್ರಶ್ನೆಗೆ ಉತ್ತರ ಇದು: ಹದಿನೈದು ಜನರ ಬೇಕರಿ ಒಳಗೂ ಇದೆ, ಹೊರಗೂ ಇದೆ. ಎಂಟು ಜನರದ್ದು ಹೊರಗೇ. ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಅಧಿಸೂಚಿಸಿದ ಕೆಲಸಕ್ಕೆ ಮಾತ್ರ ತಲೆ ಎಣಿಕೆಯ ಅಡ್ಡಿ ಇಲ್ಲ. ಬಿಸ್ಕತ್ತಿಗೆ ಎಸೆನ್ಸ್ ಹಾಕುವುದನ್ನು ಅಪಾಯಕಾರಿ ಎಂದು ಯಾರೂ ಭಾವಿಸುವುದಿಲ್ಲ ಎಂಬುದೇ ಇಲ್ಲಿಯ ತೊಡಕು.

ಸಂಹಿತೆ ಕೊಟ್ಟದ್ದೂ ಇದೆ. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಹೇಳಿದೆ. ಒಳ್ಳೆಯದೇ. ಆದರೆ ಈ ರೋಗ ವಯಸ್ಸು ನೋಡಿ ಬರುವುದಿಲ್ಲ. ಕ್ಯಾಲಿಫೋರ್ನಿಯಾದ ಸುವಾಸನೆ ಘಟಕಗಳಲ್ಲಿ ಮೊದಲು ಪತ್ತೆಯಾದ ಇಬ್ಬರಲ್ಲಿ ಒಬ್ಬನಿಗೆ ಬರೀ 29. ಎಸೆನ್ಸ್ ಬೆರೆಸುವ ಕೆಲಸ ಹೆಚ್ಚಾಗಿ ಬೀಳುವುದೂ ಹೊಸದಾಗಿ ಬಂದ ಹುಡುಗರ ಮೇಲೆ.

ಇನ್ನೊಂದು ಪಟ್ಟಿ ಇದೆ, ಅದು ಹೆಚ್ಚು ಮುಖ್ಯ. ಯಾವ ರೋಗ ಕಂಡರೆ ಮಾಲೀಕನೂ ವೈದ್ಯನೂ ಸರ್ಕಾರಕ್ಕೆ ತಿಳಿಸಲೇಬೇಕು ಎಂದು ಮೂರನೇ ಅನುಸೂಚಿ ಹೇಳುತ್ತದೆ. ಸೀಸದ ವಿಷ, ಸಿಲಿಕೋಸಿಸ್, ಹತ್ತಿ ದೂಳಿನ ಬೈಸಿನೋಸಿಸ್, ಅಸ್ಬೆಸ್ಟೋಸಿಸ್ ಹೀಗೆ 29 ಇವೆ. ಹಳೆ ಕಾಯ್ದೆಯ ಪಟ್ಟಿಯೇ ಹೊಸ ಸಂಹಿತೆಗೂ ಬಂದು ಕೂತಿತು. ಸುವಾಸನೆಯ ಆವಿಯಿಂದ ಬರುವ ಬ್ರಾಂಕಿಯೋಲೈಟಿಸ್ ಅದರಲ್ಲಿಲ್ಲ. ಪಟ್ಟಿಯಲ್ಲಿಲ್ಲದ್ದರಿಂದ ವೈದ್ಯರು ವರದಿ ಮಾಡಬೇಕಿಲ್ಲ. ವರದಿ ಇಲ್ಲದ್ದರಿಂದ ಸರ್ಕಾರದ ಲೆಕ್ಕದಲ್ಲಿ ರೋಗಿಗಳಿಲ್ಲ. ರೋಗಿಗಳಿಲ್ಲದ್ದರಿಂದ ಪಟ್ಟಿಗೆ ಸೇರಿಸುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಪರಿಹಾರದ ವಿಷಯದಲ್ಲೂ ಹೊರೆ ಬೀಳುವುದು ಕಾರ್ಮಿಕನ ಮೇಲೆ. ಪರಿಹಾರ ಕಾನೂನಿನ ಪಟ್ಟಿಯಲ್ಲಿರುವ ರೋಗವಾದರೆ ಅದು ಕೆಲಸದಿಂದಲೇ ಬಂತೆಂದು ಕಾನೂನು ಊಹಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಅವನೇ ಸಾಬೀತು ಮಾಡಬೇಕು, ಅದೂ ಮೆಟ್ಟಿಲು ಹತ್ತಲು ಉಸಿರಿಲ್ಲದ ಸ್ಥಿತಿಯಲ್ಲಿ.

ಗುರುತು ಸಿಗುವುದು ತಡ

ಶುರುವಾಗುವುದು ಒಣ ಕೆಮ್ಮಿನಿಂದ. ಆಮೇಲೆ ದಿಬ್ಬ ಹತ್ತುವಾಗ ಏದುಸಿರು. ಉತ್ತರ ಕನ್ನಡದಲ್ಲಿ ದಿಬ್ಬಕ್ಕೇನು ಕಮ್ಮಿ, ‘ದಮ್ಮು ಬಂತು’ ಎಂದು ನಿಂತು ಸುಧಾರಿಸಿಕೊಳ್ಳುತ್ತಾರೆ, ಅಷ್ಟೇ. ಧೂಳಿನ ಅಲರ್ಜಿಯಾದರೆ ಭಾನುವಾರ ರಜೆಯಲ್ಲಿ ಹಗುರಾಗುತ್ತದೆ. ಇದು ಆಗುವುದಿಲ್ಲ. ಹಾಗಾಗಿ ಕೆಲಸಕ್ಕೂ ಕೆಮ್ಮಿಗೂ ಗಂಟು ಹಾಕುವ ಯೋಚನೆ ರೋಗಿಗೇ ಬರುವುದಿಲ್ಲ.

ವೈದ್ಯರು ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸುತ್ತಾರೆ, ಇಲ್ಲ ಎಂದು ಬರುತ್ತದೆ. ಎಕ್ಸ್‌ರೇ ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತದೆ. ಅಸ್ತಮಾ ಎಂದು ಪಂಪ್ ಕೊಡುತ್ತಾರೆ. ಹಿಡಿದು ಹೇಳುವುದು ಸ್ಪೈರೋಮೆಟ್ರಿ: ಕೊಳವೆಯೊಂದಕ್ಕೆ ಬಾಯಿಟ್ಟು ಎದೆಯ ಗಾಳಿಯನ್ನೆಲ್ಲ ಒಂದೇ ಉಸಿರಿಗೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಎಷ್ಟು ಹೊರಬಂತು ಎಂಬುದೇ ಮುಖ್ಯ. ಜಾಸ್ಪರ್‌ನ ಎಂಟು ಜನರಲ್ಲಿ ಈ ಅಂಕಿ ಆರೋಗ್ಯವಂತರ ಅಂದಾಜಿನ ಶೇಕಡಾ 67ಕ್ಕಿಂತ ಕೆಳಗಿತ್ತು, ಒಬ್ಬರಲ್ಲಿ ಶೇಕಡಾ 14. ಪಂಪ್ ಕೊಟ್ಟು ಮತ್ತೆ ಊದಿಸಿದಾಗಲೂ ಅಂಕಿ ಏರದಿದ್ದರೆ ಅನುಮಾನ ಬಲವಾಗಬೇಕು. ಖಚಿತ ಮಾಡಿಕೊಳ್ಳಲು, ಉಸಿರು ಬಿಟ್ಟ ಸ್ಥಿತಿಯಲ್ಲೂ ತೆಗೆದ ಸಿಟಿ ಸ್ಕ್ಯಾನ್ ಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗುತ್ತಿರುವ ಜಿಲ್ಲೆ ಇದು. ಇಂಥ ಪರೀಕ್ಷೆ ಮುಗಿಸಿ ತಜ್ಞರನ್ನು ಕಾಣಲು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಬಸ್ಸು ಹತ್ತುವ ಹೊತ್ತಿಗೆ ದಿನಗೂಲಿಯವನ ಮೂರು ದಿನ ಹೋಗಿರುತ್ತದೆ.

ಬೆಲೆ ಎಷ್ಟು?

ತಡೆಯುವ ಉಪಾಯಗಳಲ್ಲಿ ಹೆಚ್ಚಿನವು ಅಗ್ಗ. ಎಸೆನ್ಸನ್ನು ಕೊಬ್ಬು ತಣಿದ ಮೇಲೆ ಹಾಕುವುದು: ಇದಕ್ಕೆ ಕಾಸು ಬೇಡ, ಕೆಲಸದ ಕ್ರಮ ಬದಲಿಸಿದರೆ ಸಾಕು, ಎಸೆನ್ಸೂ ಉಳಿಯುತ್ತದೆ. ತೊಟ್ಟಿಗೆ ಮುಚ್ಚಳ, ಕ್ಯಾನಿನಿಂದ ಸುರಿಯುವ ಬದಲು ಕೈಪಂಪು. ಗೋಡೆಯ ಎತ್ತರದಲ್ಲಿ ಕೂರಿಸಿದ ಎಕ್ಸಾಸ್ಟ್ ಫ್ಯಾನು ಆವಿಯನ್ನು ಹೊರಹಾಕುತ್ತದೆ ನಿಜ, ಆದರೆ ಮೂಗಿನ ಮುಂದೆ ಹಾಯಿಸಿಕೊಂಡೇ ಎಳೆಯುತ್ತದೆ. ಅದೇ ಫ್ಯಾನಿಗೆ ಕೊಳವೆ ಕಟ್ಟಿ ಬಾಣಲೆಯ ಅಂಚಿಗೆ ತಂದರೆ ಆವಿ ಮೂಗಿಗೆ ಬರುವ ಮೊದಲೇ ಹೋಗುತ್ತದೆ. ಲೋಕಲ್ ಫ್ಯಾಬ್ರಿಕೇಶನ್ ಶೆಡ್ಡಿನವರು ಮಾಡಿಕೊಡಬಲ್ಲ ಕೆಲಸ ಅದು.

ಬಟ್ಟೆ ಮಾಸ್ಕಾಗಲಿ ಕೊರೋನಾ ಕಾಲದಲ್ಲಿ ಉಳಿದ ಎನ್-95 ಆಗಲಿ ಉಪಯೋಗಕ್ಕೆ ಬಾರದು. ಅವು ಕಣ ತಡೆಯುತ್ತವೆ, ಆವಿಯನ್ನಲ್ಲ. ಸಾವಯವ ಆವಿ ಹೀರುವ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ಮೇ ತಿಂಗಳ ಸೆಕೆಯಲ್ಲಿ ಒಲೆಯ ಮುಂದೆ ಅದನ್ನು ಎಂಟು ಗಂಟೆ ಹಾಕಿಕೊಂಡಿರಿ ಎಂದು ಹೇಳುವವರು ಮೊದಲು ತಾವು ಒಂದು ಗಂಟೆ ಹಾಕಿ ನೋಡಬೇಕು. ಮುಖವಾಡವನ್ನು ಎಸೆನ್ಸ್ ಸುರಿಯುವ ಆ ಕೆಲವು ನಿಮಿಷಗಳಿಗೆ ಇಟ್ಟುಕೊಂಡರೆ ಆದೀತು.

ಗಾಳಿಯಲ್ಲಿನ ಮಿತಿಗಳನ್ನು ನಿಗದಿ ಮಾಡುವುದನ್ನು ಸಂಹಿತೆ ನಿಯಮಗಳಿಗೆ ಬಿಟ್ಟಿದೆ. ನಿಯಮಕ್ಕೆ ತಿದ್ದುಪಡಿ ತರಲು ಸಂಸತ್ತು ಸೇರಬೇಕಿಲ್ಲ, ಅಧಿಸೂಚನೆ ಸಾಕು. ಅಲ್ಲಿಯವರೆಗೆ ಪಟ್ಟಿಯ ಹೊರಗೂ ಆಗಬಹುದಾದ ಒಂದು ಕೆಲಸವಿದೆ: ಕೆಮ್ಮಿನ ರೋಗಿ ಬಂದಾಗ ಹೊರರೋಗಿ ಚೀಟಿಯಲ್ಲಿ ಉದ್ಯೋಗ ‘ಕೂಲಿ’ ಎಂದು ಬರೆಯುವ ಬದಲು ‘ಬೇಕರಿ, ಎಸೆನ್ಸ್ ಬೆರೆಸುವುದು, ಮೂರು ವರ್ಷ’ ಎಂದು ಬರೆಯುವುದು. ಜಾಸ್ಪರ್‌ನ ಎಂಟು ಜನರ ನಂಟು ಹೊರಬಿದ್ದದ್ದೂ ಅವರು ಕೆಲಸ ಮಾಡಿದ್ದು ಒಂದೇ ಕಾರ್ಖಾನೆಯಲ್ಲಿ ಎಂಬುದನ್ನು ಯಾರೋ ಗಮನಿಸಿದ್ದರಿಂದ.